ಸಸಿ ನೆಟ್ಟರೆ ಸಾಕಾ? ಎಂಜಿನಿಯರಿಂಗ್ ಕಾಲೇಜಿನ ಸಾಮಾಜಿಕ ಹೊಣೆ ಎಲ್ಲಿಂದ ಶುರು

ಪ್ರಶ್ನೆ: ನಾನು ಹಾಸನದ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕಿ. ಜರ್ಮನಿಯ ಒಂದು ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆ ಒಪ್ಪಂದದ ಮಾತುಕತೆ ನಡೆದಿದೆ. ‘ಸಾಮಾಜಿಕ ಹೊಣೆಗಾರಿಕೆ ಮತ್ತು ಸುಸ್ಥಿರತೆ ವಿಷಯದಲ್ಲಿ ನಿಮ್ಮ ಸಂಸ್ಥೆ ಏನು ಮಾಡುತ್ತಿದೆ?’ ಅಂತ ಅವರು ಪತ್ರ ಬರೆದಿದ್ದಾರೆ. ನಮ್ಮಲ್ಲಿ ಒಂದು ಸಮಿತಿ ಮಾಡಿ, ನನ್ನನ್ನು ಸಂಚಾಲಕಿ ಮಾಡಿದ್ದಾರೆ. ಕಾಲೇಜಿನ ಮೇಲೆ ಸೋಲಾರ್ ಇದೆ. ಜೂನ್ 5ಕ್ಕೆ ಸಸಿ ನೆಡುತ್ತೇವೆ. ರಕ್ತದಾನ ಶಿಬಿರ ಮಾಡುತ್ತೇವೆ. ಇಷ್ಟು ಬರೆದರೆ ಸಾಕಾ? ಸಾಲದು ಅಂದರೆ, ದುಡ್ಡೂ ಸಮಯವೂ ಇಲ್ಲದ ನಮ್ಮಂಥವರು ಎಲ್ಲಿಂದ ಶುರು ಮಾಡಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಮೇಡಂ, ‘ಇಷ್ಟು ಬರೆದರೆ ಸಾಕಾ’ ಅಂತ ಕೇಳಿದ್ದೀರಲ್ಲ, ಅದೇ ನನಗೆ ಸಂತೋಷ. ಹೆಚ್ಚಿನವರು ಬರೆದು ಕಳಿಸಿ ಫೈಲ್ ಮುಚ್ಚುತ್ತಾರೆ. ನಾನು ಚಿಕ್ಕಮಗಳೂರಿನವನು. ಮೂವತ್ತು ವರ್ಷ ಸಿವಿಲ್ ಮಕ್ಕಳಿಗೆ ಪರಿಸರ ಎಂಜಿನಿಯರಿಂಗ್ ಪಾಠ ಮಾಡಿದ್ದೇನೆ. ಇಂಥ ಸಮಿತಿಗಳಲ್ಲೂ ಕೂತಿದ್ದೇನೆ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ.

ಸೋಲಾರ್, ಸಸಿ, ರಕ್ತದಾನ ಮೂರೂ ಒಳ್ಳೆಯ ಕೆಲಸಗಳೇ, ಬಿಡಬೇಡಿ. ಆದರೆ ಈ ಮೂರನ್ನು ಒಂದು ಬ್ಯಾಂಕೂ ಮಾಡಬಹುದು, ಒಂದು ಕಲ್ಯಾಣ ಮಂಟಪವೂ ಮಾಡಬಹುದು. ಎಂಜಿನಿಯರಿಂಗ್ ಕಾಲೇಜಿನಿಂದ ಮಾತ್ರ ಆಗುವ ಕೆಲಸ ಯಾವುದು? ಪತ್ರ ಬರೆದವರು ಕೇಳುತ್ತಿರುವುದು ಅದನ್ನೇ. ಯಾಕೆ ಅಂತ ತಿಳಿಯಬೇಕಾದರೆ ಅವರು ಎಂಥ ಸಂಸ್ಥೆ ಅಂತ ಸ್ವಲ್ಪ ಗೊತ್ತಿರಬೇಕು.

ಜರ್ಮನಿಯಲ್ಲಿ ಇವಕ್ಕೆ ಫಾಖ್‌ಹೋಖ್‌ಶೂಲೆ ಅಂತ ಹೆಸರು. ಅಲ್ಲಿನ ರಾಜ್ಯಗಳು 1968ರಲ್ಲಿ ಒಂದು ಒಪ್ಪಂದ ಮಾಡಿಕೊಂಡು ಇವನ್ನು ಶುರು ಮಾಡಿದವು. ಹಳೆಯ ವಿಶ್ವವಿದ್ಯಾಲಯಗಳು ಸಿದ್ಧಾಂತ ನೋಡಿಕೊಳ್ಳಲಿ, ಇವು ಕೈಕೆಲಸಕ್ಕೆ ಬರುವ ವಿದ್ಯೆ ಕಲಿಸಲಿ ಅನ್ನುವುದು ಲೆಕ್ಕ. ಇವುಗಳಲ್ಲಿ ಪ್ರೊಫೆಸರ್ ಆಗಬೇಕಾದರೆ ಕನಿಷ್ಠ ಐದು ವರ್ಷದ ವೃತ್ತಿ ಅನುಭವ ಬೇಕು. ಅದರಲ್ಲಿ ಮೂರು ವರ್ಷವಾದರೂ ವಿಶ್ವವಿದ್ಯಾಲಯದ ಹೊರಗೆ ದುಡಿದಿರಬೇಕು. ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಕಂಪನಿಯಲ್ಲೋ ನಗರಸಭೆಯಲ್ಲೋ ಕೆಲಸ ಮಾಡುವುದು ಸಾಮಾನ್ಯ. ಹೀಗಾಗಿ ಸುತ್ತಲಿನ ಊರಿನ ಸಮಸ್ಯೆ ಅವರಿಗೆ ಪಾಠದ ಒಳಗೇ ಬರುತ್ತದೆ.

ಅದೇ ಹೊತ್ತಿಗೆ ನಮ್ಮಲ್ಲಿ ಏನಾಯಿತು ನೋಡಿ. 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಶುರುವಾಯಿತು. ಎಷ್ಟೋ ಮಕ್ಕಳಿಗೆ ಹಳ್ಳಿ ತೋರಿಸಿದ ದೊಡ್ಡ ಕೆಲಸ ಅದು. ಆದರೆ ಒಂದು ವ್ಯತ್ಯಾಸ ಉಳಿಯಿತು. ಅವರು ಊರಿನ ಕೆಲಸವನ್ನು ಪಾಠದ ಒಳಗೆ ತಂದರು. ನಾವು ಪಾಠದ ಹೊರಗೆ, ಭಾನುವಾರಕ್ಕೆ ಮತ್ತು ವಾರದ ಶಿಬಿರಕ್ಕೆ ಇಟ್ಟೆವು. ಸೋಮವಾರ ಲ್ಯಾಬ್‌ಗೆ ಬಂದ ಹುಡುಗ ಮತ್ತೆ ಪುಸ್ತಕದ ಲೆಕ್ಕವನ್ನೇ ಮಾಡಿದ. ನಿಮ್ಮ ಸಮಿತಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಸರಿ ಮಾಡಿ ಅಂತ ನನ್ನ ಕೋರಿಕೆ.

ಒಂದು ಉದಾಹರಣೆ ನಿಮ್ಮ ಹಾಸನದ್ದೇ. ಕೆಲವು ವರ್ಷದ ಹಿಂದೆ ಒಂದು ಕಡೆ ಪ್ರಾಜೆಕ್ಟ್ ಪ್ರದರ್ಶನಕ್ಕೆ ತೀರ್ಪು ಕೊಡಲು ಹೋಗಿದ್ದೆ. ಎಲೆಕ್ಟ್ರಾನಿಕ್ಸ್ ಹುಡುಗನೊಬ್ಬ ‘ಸ್ಮಾರ್ಟ್ ನೀರಾವರಿ’ ಮಾಡಿಕೊಂಡು ಬಂದಿದ್ದ. ಮಣ್ಣಿಗೆ ಸೆನ್ಸರ್ ಚುಚ್ಚಿದರೆ, ತೇವ ಕಡಿಮೆಯಾದಾಗ ಪಂಪ್ ತಾನೇ ಓಡುತ್ತದೆ. ಒಂದು ಪ್ಲಾಸ್ಟಿಕ್ ಟ್ರೇನಲ್ಲಿ ಮಣ್ಣು, ಪಕ್ಕದಲ್ಲಿ ಪುಟಾಣಿ ಮೋಟಾರು. ಚೆನ್ನಾಗಿ ಕೆಲಸ ಮಾಡುತ್ತಿತ್ತು.

‘ಯಾವ ಬೆಳೆಗಪ್ಪಾ ಇದು?’ ಅಂದೆ.

‘ಆಲೂಗಡ್ಡೆಗೆ ಸರ್. ನಮ್ಮಪ್ಪ ಅದೇ ಹಾಕೋದು.’

‘ನಿಮ್ಮ ಹೊಲಕ್ಕೆ ಪಂಪ್ ಇದೆಯಾ?’

‘ಇಲ್ಲ ಸರ್. ಮಳೆ ಬೆಳೆ.’

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಹಾಸನದ ಆಲೂಗಡ್ಡೆ ಮುಂಗಾರಿನ ಬೆಳೆ. ಮೇ ತಿಂಗಳಲ್ಲಿ ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ಗಡ್ಡೆ ಮಾರುಕಟ್ಟೆಗೆ ಬರುತ್ತದೆ. ಮೇ, ಜೂನ್‌ನಲ್ಲಿ ಬಿತ್ತನೆ, ಆಗಸ್ಟ್ ಹೊತ್ತಿಗೆ ಕೀಳುವುದು ಶುರು. ಅಲ್ಲಿನ ರೈತನಿಗೆ ಜಾಸ್ತಿ ಭಯ ನೀರಿನ ಕೊರತೆಯದ್ದಲ್ಲ, ಅಂಗಮಾರಿಯದ್ದು. ಜುಲೈನಲ್ಲಿ ಜಡಿಮಳೆ ಹಿಡಿದು, ಮೋಡ ಕವಿದು, ಎಲೆ ಒಣಗದೆ ನಿಂತಿತೆಂದರೆ ಒಂದೇ ವಾರದಲ್ಲಿ ಹೊಲ ಸುಟ್ಟ ಹಾಗೆ ಕಾಣುತ್ತದೆ. 1845ರಲ್ಲಿ ಐರ್ಲೆಂಡಿನಲ್ಲಿ ಕ್ಷಾಮ ತಂದದ್ದು ಇದೇ ರೋಗ. ಹಾಸನದಲ್ಲಿ ಎಷ್ಟೋ ಜನ ಆಲೂಗಡ್ಡೆ ಬಿಟ್ಟು ಶುಂಠಿಗೆ, ಮುಸುಕಿನ ಜೋಳಕ್ಕೆ ಹೋಗಿದ್ದರ ಹಿಂದೆ ಇದೂ ಒಂದು ಕಾರಣ. ಕಲೆ ಕಂಡ ಮೇಲೆ ಔಷಧಿ ಹೊಡೆದರೆ ತಡವಾಯಿತು. ಮೊದಲೇ ಹೊಡೆಯಬೇಕು. ಹಾಗಂತ ಸುಮ್ನೆ ಹೊಡೆಯುತ್ತಾ ಹೋದರೆ ಖರ್ಚು, ಮಣ್ಣಿಗೂ ಕೇಡು.

ಎಲೆ ಎಷ್ಟು ಗಂಟೆ ಒದ್ದೆಯಾಗಿತ್ತು, ಆಗ ತಾಪಮಾನ ಎಷ್ಟಿತ್ತು ಅನ್ನುವ ಎರಡು ಲೆಕ್ಕ ಇದ್ದರೆ ಈ ರೋಗ ಬರುವ ಸೂಚನೆ ಮುಂಚೆಯೇ ಸಿಗುತ್ತದೆ. ಆ ಹುಡುಗನ ಕೈಯಲ್ಲಿದ್ದ ಬಹುಪಾಲು ಸಾಮಾನಿನಲ್ಲೇ ಅದನ್ನು ಮಾಡಬಹುದಿತ್ತು. ಮಣ್ಣಿನ ಸೆನ್ಸರ್ ಬದಲು ಎಲೆಯ ಒದ್ದೆ ಮತ್ತು ತಾಪಮಾನ ಅಳೆಯುವ ಸೆನ್ಸರನ್ನು ಎಲೆಯ ಮಟ್ಟದಲ್ಲಿ ಇಡಬೇಕಿತ್ತು, ಅಷ್ಟೇ. ರೋಗದ ವಿಷಯ ತಿಳಿದವರು ಬೇಕು ಅಂದರೆ ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜೇ ಇದೆ. ಅವನ ಜಾಣತನದಲ್ಲಿ ಕೊರತೆ ಇರಲಿಲ್ಲ. ‘ಮೊದಲು ನಿಮ್ಮಪ್ಪನನ್ನು ಕೇಳಿಕೊಂಡು ಬಾ’ ಅಂತ ನಾವು ಯಾರೂ ಅವನಿಗೆ ಹೇಳಿರಲಿಲ್ಲ.

ಮೇಡಂ, ಸಾಮಾಜಿಕ ಹೊಣೆ ಅಂತ ನಾನು ಅನ್ನುವುದು ಇದಕ್ಕೆ. ಇದಕ್ಕೆ ಬೇರೆ ಬಜೆಟ್ ಬೇಡ. ಪ್ರಾಜೆಕ್ಟ್ ಹೇಗೂ ಮಾಡಲೇಬೇಕು. ವಿಷಯ ಎಲ್ಲಿಂದ ಬರಬೇಕು ಅನ್ನುವುದನ್ನು ಬದಲಿಸಿದರೆ ಸಾಕು. ಕಂಪನಿಗಳಿಗಾದರೆ 2013ರ ಕಂಪನಿ ಕಾಯ್ದೆಯಲ್ಲಿ ಹೇಳಿದೆ, ಇಷ್ಟು ದೊಡ್ಡ ಕಂಪನಿಯಾದರೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಿ ಅಂತ. ಅದು ದುಡ್ಡಿನ ಲೆಕ್ಕ. ಕಾಲೇಜಿನ ಬಂಡವಾಳ ಬೇರೆ ಥರದ್ದು. ಒಂದು ಲ್ಯಾಬ್, ನಾಲ್ಕು ಜನ ತಿಳಿದವರು, ಮತ್ತು ನೂರಾರು ಮಕ್ಕಳ ಎಂಟು ಸೆಮಿಸ್ಟರ್.

ನಿಮ್ಮ ಕಾಲೇಜು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೆಳಗಿದ್ದರೆ ಇನ್ನೂ ಸುಲಭ. 2021ರ ಸ್ಕೀಮ್‌ನಿಂದ ಮೂರನೇ ಸೆಮಿಸ್ಟರ್‌ಗೆ ‘ಸೋಶಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ’ ಅನ್ನುವ ವಿಷಯವೇ ಇದೆ. ಮರ ದತ್ತು ತೆಗೆದುಕೊಳ್ಳುವುದು, ಪಾರಂಪರಿಕ ನಡಿಗೆ, ಸಾವಯವ ಕೃಷಿ ಮತ್ತು ಕಸ ನಿರ್ವಹಣೆ, ನೀರಿನ ಸಂರಕ್ಷಣೆ, ಊಟದ ಪರಂಪರೆ, ಇಷ್ಟು ಅದರಲ್ಲಿದೆ. ಬಹಳ ಕಡೆ ಇದನ್ನು ಫೋಟೊ ತೆಗೆದು ರಿಪೋರ್ಟ್ ಮಾಡಿ ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೂರನೇ ಸೆಮಿಸ್ಟರ್‌ನಲ್ಲಿ ನೀರಿನ ಸಂರಕ್ಷಣೆ ಅಂತ ಒಂದು ಕೆರೆ ನೋಡಿ ಬಂದ ಮಕ್ಕಳು ಅದೇ ಕೆರೆಯ ಮೇಲೆ ಏಳನೇ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಮಾಡಲಿ. 2014ರಿಂದ ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನ ಇದೆ. ಅದಕ್ಕೆ ಸೇರಿದ ಕಾಲೇಜು ಹತ್ತಿರದ ಐದು ಹಳ್ಳಿಗಳನ್ನು ಆರಿಸಿಕೊಳ್ಳುತ್ತದೆ. ನೀವು ಸೇರಿದ್ದರೆ ಆ ಐದು ಹಳ್ಳಿಯೇ ನಿಮ್ಮ ಪ್ರಾಜೆಕ್ಟ್‌ಗಳ ಗಣಿ.

ಈಗ ನಾನು ಹತ್ತಿರದಿಂದ ಕಂಡ ಕೆಲಸ ಒಂದನ್ನು ಹೇಳುತ್ತೇನೆ. ಸಕಲೇಶಪುರ, ಮೂಡಿಗೆರೆ ಕಡೆ ನವೆಂಬರ್ ಕೊನೆಯಿಂದ ಕಾಫಿ ಹಣ್ಣು ಪಲ್ಪಿಂಗ್ ಶುರು. ಸಿಪ್ಪೆ ತೆಗೆದು, ಅಂಟು ತೊಳೆದು, ಒಳಗಿನ ಬೀಜವನ್ನು (ಪಾರ್ಚ್‌ಮೆಂಟ್) ಕಣದಲ್ಲಿ ಒಣಹಾಕುತ್ತಾರೆ. ತೊಳೆದ ನೀರು ಏನಾಗುತ್ತದೆ? ಗುಂಡಿ ಸರಿಯಿಲ್ಲದ ಕಡೆ ಹಳ್ಳಕ್ಕೆ ಸೇರುತ್ತದೆ. ಅದೂ ಮಳೆ ನಿಂತು ಹಳ್ಳ ಸೊರಗಿರುವ ಹೊತ್ತಿನಲ್ಲಿ.

ನಮ್ಮ ಮಕ್ಕಳು ಒಂದು ಚಿಕ್ಕ ತೋಟದಿಂದ ಕ್ಯಾನಿನಲ್ಲಿ ಆ ನೀರು ತಂದರು. ಮುಚ್ಚಳ ತೆಗೆದರೆ ಹುಳಿ ಹೆಂಡದಂಥ ವಾಸನೆ. ಪಿಎಚ್, ಅಂದರೆ ಹುಳಿಯ ಅಳತೆ, ನೋಡಿದರೆ ನಾಲ್ಕರ ಹತ್ತಿರ. ಏಳಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ. ನೀರಿನ ಕೊಳೆ ತಿನ್ನಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಕೇಳುತ್ತವೆ ಅನ್ನುವ ಲೆಕ್ಕಕ್ಕೆ ಬಿಒಡಿ ಅಂತಾರೆ. ಅದನ್ನು ಅಳೆಯುವ ಬಾಟಲಿಗೆ ನೇರವಾಗಿ ತುಂಬಿಟ್ಟ ಹುಡುಗಿಗೆ ಮೂರು ದಿನದ ಮೇಲೆ ಆಮ್ಲಜನಕ ಸೊನ್ನೆ ಬಂತು. ಪ್ರಯೋಗ ಕೆಟ್ಟಿತು ಅಂತ ಅವಳು ಹೆದರಿದಳು. ಕೆಟ್ಟಿರಲಿಲ್ಲ. ಒಳ್ಳೆಯ ಹಳ್ಳದ ನೀರು ಒಂದು ಲೀಟರಿನಲ್ಲಿ 8 ಮಿಲಿಗ್ರಾಂ ಆಸುಪಾಸು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಪಲ್ಪರ್ ನೀರು, ಅಂದರೆ ಈ ಕಾಫಿ ತೊಳೆದ ನೀರು, ಕೇಳುವುದು ಲೀಟರಿಗೆ ಸಾವಿರಾರು ಮಿಲಿಗ್ರಾಂ. ಮನೆಗಳ ಕೊಳಚೆ ನೀರು ಕೇಳುವುದೇ 200ರಿಂದ 300. ಹೊಳೆಗೆ ಬಿಡುವ ನೀರು ಕೇಳುವುದು 30ಕ್ಕಿಂತ ಜಾಸ್ತಿ ಇರಬಾರದು ಅಂತ ನಿಯಮ. ಆ ಸೊನ್ನೆ ಅವಳಿಗೆ ಮೀನು ಯಾಕೆ ಸಾಯುತ್ತವೆ ಅಂತ ತೋರಿಸಿಕೊಟ್ಟಿತು. ಆಮೇಲೆ ನೂರಾರು ಪಟ್ಟು ತೆಳು ಮಾಡಿ ಮತ್ತೆ ಇಟ್ಟಳು.

ಮುಂದಿನ ವಾರ ಸುಣ್ಣ ಹಾಕಿ ನೋಡಿದರು. ಕಂದು ನೀರು ಕಡು ಹಸಿರಾಗಿ, ಆಮೇಲೆ ಕಪ್ಪಾಯಿತು. ಇನ್ನೂ ಕೊಳಕಾಯಿತು ಅಂತ ಎಲ್ಲರಿಗೂ ಅನ್ನಿಸಿತು. ಹುಳಿ ಹೋಗಿ ಪಿಎಚ್ ಏಳು ದಾಟಿದಾಗ ಕಾಫಿ ನೀರಿನ ಬಣ್ಣ ಹಾಗೇ ತಿರುಗುತ್ತದೆ. ಗೋಬರ್ ಗ್ಯಾಸ್‌ನಂಥ ಗ್ಯಾಸ್ ಗುಂಡಿಯ ಸೂಕ್ಷ್ಮಜೀವಿಗಳು ಬದುಕುವುದು ಆ ಮಟ್ಟದಲ್ಲೇ. ಹೀಗೆ ಹುಳಿ ತೆಗೆದು, ಒಳಗೆ ಹಾಳೆ ಹಾಸಿದ ಗುಂಡಿಯಲ್ಲಿ ನಿಲ್ಲಿಸಿದರೆ ನೀರು ತಿಳಿಯಾಗುತ್ತಾ ಹೋಗುತ್ತದೆ, ಗ್ಯಾಸೂ ಸಿಗುತ್ತದೆ. ಎಷ್ಟು ನೀರಿಗೆ ಎಷ್ಟು ಸುಣ್ಣ ಅಂತ ಮಕ್ಕಳು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಆ ತೋಟದವರಿಗೆ ಕೊಟ್ಟರು. ಅವರು ಅದನ್ನು ಪಲ್ಪರ್ ಮನೆಯ ಗೋಡೆಗೆ ಅಂಟಿಸಿಕೊಂಡರು. ಅವತ್ತಿನ ಆ ಮಕ್ಕಳ ಮುಖ ನನಗೆ ಈಗಲೂ ನೆನಪಿದೆ. ತಾವು ಕಲಿತದ್ದು ಒಬ್ಬರ ಗೋಡೆ ಮೇಲೆ ನಿಂತಿತಲ್ಲ ಅಂತ.

ಆದರೆ ಆಮೇಲೆ ಏನಾಯಿತು ಅಂದರೆ, ಆ ಬ್ಯಾಚ್ ಪಾಸಾಗಿ ಹೋಯಿತು. ಮುಂದಿನ ವರ್ಷದವರು ಬೇರೆ ವಿಷಯ ಹಿಡಿದರು. ತೋಟದವರು ಎರಡನೇ ಸಲ ಫೋನ್ ಮಾಡಿದಾಗ ಹೇಳಲು ನಮ್ಮಲ್ಲಿ ಯಾರೂ ಇರಲಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲು ದೊಡ್ಡದು, ಬೇಸರವೂ ಇದೆ. ಅದಕ್ಕೇ ಒತ್ತಿ ಹೇಳುತ್ತೇನೆ. ಒಂದೇ ವಿಷಯ ಹಿಡಿಯಿರಿ, ಐದು ವರ್ಷ ಬಿಡಬೇಡಿ. ಒಂದು ದಪ್ಪ ರಿಜಿಸ್ಟರ್ ಇಡಿ. ಪ್ರತಿ ಬ್ಯಾಚೂ ಏನು ಮಾಡಿತು, ಯಾರನ್ನು ಕಂಡಿತು, ಏನು ಕೈಕೊಟ್ಟಿತು ಅಂತ ಅದರಲ್ಲಿ ಬರೆದು, ಕೆಳಗಿನವರ ಕೈಗೆ ಕೊಟ್ಟು ಹೋಗಲಿ. ನಮ್ಮ ಊರುಗಳಲ್ಲಿ ನೀರಗಂಟಿ ಮನೆತನದವರು ಕೆರೆಯ ತೂಬನ್ನು ಹೀಗೇ ತಾನೇ ನೋಡಿಕೊಂಡು ಬಂದದ್ದು? ಯಾವ ಗದ್ದೆಗೆ ಯಾವಾಗ ನೀರು ಅನ್ನುವುದು ತಂದೆಯಿಂದ ಮಗನಿಗೆ ಬರುತ್ತಿತ್ತು.

ಇನ್ನು ‘ಸುಸ್ಥಿರತೆ’ ಅನ್ನುವ ಮಾತಿನ ಬಗ್ಗೆ. ಇದು ಹುಟ್ಟಿದ್ದು ಜರ್ಮನಿಯಲ್ಲಿ, ಅದೂ ಒಬ್ಬ ಗಣಿ ಅಧಿಕಾರಿಯ ಬರಹದಲ್ಲಿ. ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಅಂತ. ಬೆಳ್ಳಿ ಅದಿರು ಕರಗಿಸಲು ಸೌದೆ ಉರಿಸಿ ಉರಿಸಿ ಕಾಡು ಮುಗಿಯುತ್ತಾ ಬಂದಿತ್ತು. ಬೆಳೆದಷ್ಟೇ ಕಡಿಯಿರಿ ಅಂತ ಅವನು 1713ರಲ್ಲಿ ಬರೆದ. ನಮ್ಮ ಜಿಲ್ಲೆಯಲ್ಲೂ ಗಣಿಯ ಕಥೆ ಇದೆ. ಕುದುರೆಮುಖದ ಕಂಪನಿ ಹುಟ್ಟಿದ್ದು 1976ರಲ್ಲಿ. ಬೆಟ್ಟ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸುತ್ತಿದ್ದರು. ಎಂಜಿನಿಯರಿಂಗ್ ಲೆಕ್ಕದಲ್ಲಿ ಅದ್ಭುತವಾದ ಕೆಲಸ. ಕೆಳಗೆ ಭದ್ರಾ ನದಿಗೆ ಹೂಳು. ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು. ಅಲ್ಲಿ ದುಡಿದವರಲ್ಲಿ ನನ್ನ ಪರಿಚಯದವರೂ ಇದ್ದರು. ಅವರೆಲ್ಲ ಒಳ್ಳೆಯ ಎಂಜಿನಿಯರುಗಳು. ಹೊಳೆಯ ಪ್ರಶ್ನೆ ಮಾತ್ರ ಅವರ ಸಿಲಬಸ್‌ನಲ್ಲಿ ಇರಲಿಲ್ಲ.

ಜರ್ಮನಿಯ ಬಿರ್ಕೆನ್‌ಫೆಲ್ಡ್‌ನಲ್ಲಿ ಟ್ರಿಯರ್ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದ ಪರಿಸರ ಕ್ಯಾಂಪಸ್ ಇದೆ. 1996ರಲ್ಲಿ ಶುರುವಾದದ್ದು. ಅದಕ್ಕೆ ಮೊದಲು ಅಲ್ಲಿ ಅಮೆರಿಕದ ಸೈನ್ಯದ ಆಸ್ಪತ್ರೆ ಇತ್ತು. ಹಳೆಯ ಕಟ್ಟಡಗಳನ್ನೇ ರಿಪೇರಿ ಮಾಡಿಕೊಂಡರು. ಪಕ್ಕದ ಸ್ಥಾವರದಲ್ಲಿ ಬೇಡದ ಮರ ಉರಿಸಿ ಬರುವ ಶಾಖವೇ ಕ್ಲಾಸ್‌ರೂಮಿಗೆ. ಆ ಸ್ಥಾವರವೂ ಕಟ್ಟಡಗಳೂ ಅಲ್ಲಿನ ಮಕ್ಕಳಿಗೆ ಪಾಠದ ವಸ್ತು. ನಾವು ಅವರ ದುಡ್ಡಿಗೆ ಸಮ ಆಗಲಾರೆವು. ಆದರೆ ಕ್ಯಾಂಪಸ್ಸನ್ನೇ ಲ್ಯಾಬ್ ಮಾಡಿಕೊಳ್ಳಲು ದುಡ್ಡು ಬೇಡ, ಅಲ್ವಾ?

ನಿಮ್ಮ ಕಾಲೇಜಿನ ಲೆಕ್ಕವನ್ನೇ ಮಕ್ಕಳ ಕೈಲಿ ಮಾಡಿಸಿ. ಅರಸೀಕೆರೆ ಕಡೆಯಿಂದ ಬರುವ ಒಂದು ಬಸ್ ತೆಗೆದುಕೊಳ್ಳಿ. ಹೋಗಿ ಬರಲು ದಿನಕ್ಕೆ 90 ಕಿ.ಮೀ. ಲೀಟರಿಗೆ ನಾಲ್ಕೂವರೆ ಕಿ.ಮೀ. ಓಡಿದರೆ 20 ಲೀಟರ್ ಡೀಸೆಲ್. ವರ್ಷಕ್ಕೆ 220 ದಿನ ಅಂದರೆ 4,400 ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಒಂದು ಬಸ್ಸಿಗೆ ವರ್ಷಕ್ಕೆ ಹತ್ತಿರ ಹತ್ತಿರ 12 ಟನ್. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ 20 ಕೆ.ಜಿ. ಹೀರುತ್ತದೆ ಅಂತ ಹಿಡಿದರೆ, ಒಂದು ಬಸ್ಸಿಗೆ 600 ಮರ. ಸಸಿ ಅಲ್ಲ, ಬೆಳೆದ ಮರ. ನಾನಿದ್ದ ಒಂದು ಸಮಿತಿ ಪ್ರತಿ ಜೂನ್‌ನಲ್ಲಿ ಅದೇ ಬೇಲಿ ಪಕ್ಕ ಸಸಿ ನೆಡುತ್ತಿತ್ತು. ಮಾರ್ಚ್‌ನಲ್ಲಿ ನೀರು ಹಾಕುವವರು ಇರುತ್ತಿರಲಿಲ್ಲ. ಈ ಲೆಕ್ಕ ನಮಗೆ ಆಗಲೇ ಗೊತ್ತಿದ್ದರೆ ಹತ್ತು ಸಸಿ ನೆಟ್ಟು ಹತ್ತನ್ನೂ ಉಳಿಸಿಕೊಳ್ಳುತ್ತಿದ್ದೆವು.

ಬಸ್ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ನಲವತ್ತು ಬೈಕಿಗಿಂತ ಒಂದು ಬಸ್ಸೇ ಮೇಲು. ಅರ್ಧ ಖಾಲಿ ಓಡುವ ಬಸ್ ಯಾವುದು ಅಂತ ನೋಡಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಪ್ರಯಾಣ ಉಚಿತ. ಮೊದಲ ಪೀರಿಯಡ್ ಅರ್ಧ ಗಂಟೆ ಹಿಂದೆ ಮುಂದೆ ಮಾಡಿದರೆ ಎಷ್ಟು ಜನ ಅದರಲ್ಲೇ ಬರಬಹುದು ಅಂತ ಮಕ್ಕಳೇ ಎಣಿಸಲಿ.

ಚಾವಣಿಯ ಲೆಕ್ಕವೂ ಹೀಗೇ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 900 ಮಿ.ಮೀ. ಅಂತ ಇಟ್ಟುಕೊಳ್ಳಿ. ಸಾವಿರ ಚದರ ಮೀಟರ್ ಚಾವಣಿಗೆ 9 ಲಕ್ಷ ಲೀಟರ್. ಶೇ. 80ರಷ್ಟು ಹಿಡಿದರೂ 7.2 ಲಕ್ಷ. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ 120 ಟ್ಯಾಂಕರ್. ಹಾಸ್ಟೆಲ್ ಊಟದ ಮನೆಯಲ್ಲಿ ಒಂದು ತಕ್ಕಡಿ ಇಡಿ. ತಟ್ಟೆಗೆ ನೂರು ಗ್ರಾಂ ಉಳಿದರೂ ನಾನೂರು ಮಕ್ಕಳಿಗೆ ಒಂದು ಹೊತ್ತಿಗೆ 40 ಕೆ.ಜಿ. ಬೈದು ಹೇಳಬೇಕಾಗಿಲ್ಲ. ದಿನದ ತೂಕ ಬೋರ್ಡಿನಲ್ಲಿ ಬರೆದರೆ ಮಕ್ಕಳೇ ಕಡಿಮೆ ಮಾಡುತ್ತಾರೆ.

ಒಂದು ವಿಷಯ ಮಾತ್ರ ಯಾವ ಸಮಿತಿಯೂ ಮುಟ್ಟುವುದಿಲ್ಲ. ನೀವು ಮುಟ್ಟಿ. ನಿಮ್ಮ ಶೌಚಾಲಯ ತೊಳೆಯುವ ಅಕ್ಕನಿಗೆ ಕೈಗವಸು ಇದೆಯಾ? ಗುತ್ತಿಗೆದಾರ ಪೂರ್ತಿ ಕೂಲಿ, ಪಿಎಫ್, ಇಎಸ್‌ಐ ಕೊಡುತ್ತಿದ್ದಾನಾ? ಮಧ್ಯಾಹ್ನ ಊಟಕ್ಕೆ ಅವರು ಎಲ್ಲಿ ಕೂರುತ್ತಾರೆ? ಹಾಸ್ಟೆಲ್ ಪಿಟ್ ತುಂಬಿದಾಗ ಯಾರನ್ನಾದರೂ ಒಳಗೆ ಇಳಿಸುತ್ತಾರಾ? ರಕ್ಷಣೆ ಇಲ್ಲದೆ ಹಾಗೆ ಇಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಜೀವ ಹೋಗುವ ಕೆಲಸ ಅದು. ಹಳ್ಳಿ ದತ್ತು ತೆಗೆದುಕೊಳ್ಳುವ ಮೊದಲು ನಮ್ಮ ಕಾಂಪೌಂಡಿನ ಒಳಗಿನವರನ್ನು ನೋಡಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಪ್ರಿನ್ಸಿಪಾಲರಿಗೆ ಇದನ್ನು ಹೇಳುವುದು ಕಷ್ಟ ಅಂತಲೂ ಗೊತ್ತು. ಸಮಿತಿಯ ಮೊದಲ ಸಭೆಯ ನಡಾವಳಿಯಲ್ಲೇ ಬರೆಸಿ. ಬರಹದಲ್ಲಿ ಬಂದರೆ ಉತ್ತರ ಕೊಡಲೇಬೇಕಾಗುತ್ತದೆ.

ಈಗ ಪತ್ರಕ್ಕೆ ಏನು ಬರೆಯಬೇಕು? ಇರುವುದನ್ನು ಇದ್ದ ಹಾಗೆ ಬರೆಯಿರಿ. ಸೋಲಾರ್ ಎಷ್ಟು ಕಿಲೋವ್ಯಾಟ್, ಕಳೆದ ವರ್ಷ ಎಷ್ಟು ಯೂನಿಟ್ ಬಂತು, ಒಟ್ಟು ಬಳಕೆಯಲ್ಲಿ ಅದು ಎಷ್ಟು ಪಾಲು. ನೀರು, ಡೀಸೆಲ್, ಕಸ ಅಳೆಯಲು ಈ ವರ್ಷ ಶುರು ಮಾಡುತ್ತಿದ್ದೇವೆ ಅಂತ ಹೇಳಿ. ಇಲ್ಲದ್ದನ್ನು ಇದೆ ಅನ್ನಬೇಡಿ. ಅವರು ಬಂದು ನೋಡುತ್ತಾರೆ. ಆಮೇಲೆ ನಿಮ್ಮ ಊರಿನ ಒಂದು ಸಮಸ್ಯೆ ಬರೆದು, ಒಂದು ಪ್ರಶ್ನೆ ವಾಪಸ್ ಕೇಳಿ. ನಾನಾಗಿದ್ದರೆ ಪಲ್ಪರ್ ನೀರಿನ ವಿಷಯ ಬರೆಯುತ್ತಿದ್ದೆ. ಬಿಯರ್ ತಯಾರಿಸುವ ಕಡೆಯೂ ಇಂಥದ್ದೇ ಗಟ್ಟಿ ಕೊಳೆ ನೀರು ಬರುತ್ತದೆ. ಅದನ್ನು ಶುದ್ಧ ಮಾಡುವುದರಲ್ಲಿ ಜರ್ಮನಿಯವರಿಗೆ ಒಳ್ಳೆಯ ಅನುಭವ. ‘ನಮ್ಮ ತೋಟಗಳು ಚಿಕ್ಕವು, ವರ್ಷಕ್ಕೆ ಎರಡು ತಿಂಗಳು ಮಾತ್ರ ನೀರು ಬರುತ್ತದೆ, ಇದಕ್ಕೆ ಹೊಂದುವಂಥದ್ದು ನಿಮ್ಮಲ್ಲಿ ಏನಿದೆ?’ ಅಂತ ಕೇಳಿ. ಅಂಥ ಪ್ರಶ್ನೆ ಕೇಳುವ ಕಾಲೇಜಿನ ಜೊತೆ ಕೆಲಸ ಮಾಡಲು ಅವರಿಗೂ ಇಷ್ಟವಾಗುತ್ತದೆ.

ಪಲ್ಪರ್ ನೀರೇ ಹಿಡಿಯುವುದಾದರೆ ದೀಪಾವಳಿ ರಜೆಗೆ ಮೊದಲೇ ಸಕಲೇಶಪುರ ಕಡೆಯ ಮಕ್ಕಳು ಯಾರ್ಯಾರಿದ್ದಾರೆ ಅಂತ ಪಟ್ಟಿ ಮಾಡಿ. ಅವರ ಮನೆಯವರನ್ನು ಕೇಳಿದರೆ ಎರಡು ಮೂರು ತೋಟ ಸಿಗುತ್ತವೆ. ಲ್ಯಾಬ್‌ನಲ್ಲಿ ಬಿಒಡಿ ಬಾಟಲಿಗಳ ಗಾಜಿನ ಬಿರಡೆ ಒಂದೊಂದನ್ನೂ ಹಾಕಿ ನೋಡಿ. ಬಾಟಲಿಯ ನಂಬರು, ಬಿರಡೆಯ ನಂಬರು ಒಂದೇ ಇರಬೇಕು. ನಮ್ಮಲ್ಲಿ ಅವು ಅದಲುಬದಲಾಗಿ, ಗಾಳಿ ಆಡಿ, ಮೊದಲ ಎರಡು ವಾರದ ಲೆಕ್ಕ ಪೂರಾ ಹಾಳಾಗಿತ್ತು.